ಗೊತ್ತಿದ್ದೂ ಬಿಡಲಾಗದವರು

ನಮ್ಮ ಪತ್ರಿಕೆಯ ಸಂಪಾದಕರು ಪ್ರತಿ ಸಂಚಿಕೆಗೂ "ಡಾಕ್ಟ್ರೇ, ಆರೋಗ್ಯದ ಬಗ್ಗೆ ಒಂದು ಪುಟ" ಎಂದು ಕೇಳುತ್ತಾರೆ. ನಾವೂ ಕೊಲೆಸ್ಟರಾಲು, ಬೆನ್ನುನೋವು, ವಸಂತಕಾಲದ ಪರಾಗದ ಸೀನು ಎಂದು ಬರೆದುಕೊಟ್ಟಿದ್ದೇವೆ. ಓದಿದವರು ಎಷ್ಟು ಮಂದಿ, ಓದಿ ಪಾಲಿಸಿದವರು ಎಷ್ಟು ಮಂದಿ ಎಂದು ಕೇಳುವ ಧೈರ್ಯ ನಮಗಿಲ್ಲ. ಈ ಬಾರಿ ರೋಗ ಬಿಟ್ಟು ನಗೆಯ ಬಗ್ಗೆ ಬರೆಯುತ್ತಿದ್ದೇವೆ. ಜಪಾನಿನ ಟೆಲಿವಿಷನ್ನಿಗೆ ಹಾಸ್ಯ ಬರೆದುಕೊಟ್ಟು ಹೆಸರಾದ ಒಬ್ಬ ಲೇಖಕರ ಕಥೆ ಇದು. ಆದರೆ ಅದಕ್ಕೆ ಮೊದಲು ನಾವೇ ಮಾಡಿದ ಒಂದು ತಮಾಷೆಯನ್ನು ಒಪ್ಪಿಸಬೇಕು. ಈ ಲೇಖನದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಕಳೆದ ಶರತ್ಕಾಲದಲ್ಲಿ ನಮ್ಮ ಅಕ್ಕ, ಭಾವ ಊರಿನಿಂದ ಬಂದಿದ್ದರು. ತ್ಸುಕುಬಾಕ್ಕೆ ಬಂದ ನೆಂಟರನ್ನು ಎಲ್ಲಿಗೆ ಕರೆದೊಯ್ಯುತ್ತೇವೆಂಬುದು ತಮಗೆಲ್ಲ ಗೊತ್ತು: 877 ಮೀಟರ್ ಎತ್ತರದ ನಮ್ಮ ಬೆಟ್ಟ. ಅಲ್ಲಿ ದೇವಸ್ಥಾನದ ಹತ್ತಿರ ಕಪ್ಪೆ ಎಣ್ಣೆ ಮಾರುವವರ ಆಟ ನಡೆಯುತ್ತಿತ್ತು. ನೋಡದವರಿಗಾಗಿ ಹೇಳುತ್ತೇವೆ. ಹಳೆಯ ಕಾಲದ ವೇಷ ತೊಟ್ಟವನೊಬ್ಬ ಕತ್ತಿ ಹಿರಿದು, ಒಂದು ಹಾಳೆಯನ್ನು ಎರಡು, ನಾಲ್ಕು, ಎಂಟು ಎಂದು ಕತ್ತರಿಸುತ್ತಾ ಕೊನೆಗೆ ಹಿಮದಂತೆ ಗಾಳಿಗೆ ತೂರುತ್ತಾನೆ. ಆಮೇಲೆ ತನ್ನ ತೋಳಿಗೇ ಗಾಯ ಮಾಡಿಕೊಂಡಂತೆ ತೋರಿಸಿ, ಎಣ್ಣೆ ಸವರಿ, ರಕ್ತ ನಿಂತಿತೆಂದು ತೋರಿಸುತ್ತಾನೆ. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಹಲ್ಲುಪುಡಿ ಮಾರುವವರ ವರಸೆಯೇ. ಈ ಎಣ್ಣೆ ಹೇಗೆ ಸಿಗುತ್ತದೆಂಬ ಅವನ ವಿವರಣೆಯೇ ಆಟದ ತಿರುಳು. ಬೆಟ್ಟದ ಕಪ್ಪೆಯನ್ನು ಹಿಡಿದು, ಸುತ್ತಲೂ ಕನ್ನಡಿಯಿರುವ ಪೆಟ್ಟಿಗೆಯಲ್ಲಿ ಕೂರಿಸುತ್ತಾರಂತೆ. ತನ್ನ ಕುರೂಪವನ್ನು ನಾಲ್ಕೂ ಕಡೆ ಕಂಡ ಕಪ್ಪೆ ಗಾಬರಿಯಿಂದ ಬೆವರುತ್ತದಂತೆ. ಆ ಬೆವರನ್ನು ಇಪ್ಪತ್ತೊಂದು ದಿನ ಕುದಿಸಿದರೆ ಔಷಧ.

ಭಾವನವರು ಮನಸಾರೆ ನಕ್ಕರು. ಬಳಿಕ ಪಕ್ಕದ ಅಂಗಡಿಯಲ್ಲಿ ಅಕ್ಕಿಹಿಟ್ಟಿನ ದಾಂಗೊ ಉಂಡೆಗಳನ್ನು, ಮೇಲೆ ಸಿಹಿ ಪಾಕ ಸುರಿದದ್ದನ್ನು, ಒಂದು ಕಡ್ಡಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದರು. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಕ್ಕಳು, ಇನ್ನೆರಡು ಮನೆಯವರು ಎಲ್ಲ ಸುತ್ತ ಕೂತಿದ್ದೆವು. ನಾವು ಹೇಳಿದೆವು: "ಭಾವನವರನ್ನು ಆ ಕನ್ನಡಿ ಪೆಟ್ಟಿಗೆಯಲ್ಲಿ ಕೂರಿಸಿದರೆ ಎಣ್ಣೆ ಇಳಿಯೋದಿಲ್ಲ, ಸಕ್ಕರೆ ಪಾಕ ಇಳಿಯುತ್ತೆ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾವನವರೂ ನಕ್ಕರು. ಕಡ್ಡಿಯನ್ನು ತಟ್ಟೆಯಲ್ಲಿಟ್ಟರು. ಆ ದಿನ ಮತ್ತೆ ಹೆಚ್ಚು ಮಾತಾಡಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳಿದರು: "ಅಲ್ಲಪ್ಪಾ ಡಾಕ್ಟ್ರೇ, ಇವತ್ತು ನೀನು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದು ಯಾವುದಿತ್ತು?"

ನಮ್ಮ ಬಳಿ ಉತ್ತರವಿರಲಿಲ್ಲ. ಎಂ.ಬಿ.ಬಿ.ಎಸ್. ಓದುವಾಗ, ಮುಂದೆ ಪರದೇಶದಲ್ಲಿ ರೆಸಿಡೆನ್ಸಿ ಮಾಡುವಾಗ, ನಮಗೆ ಕಲಿಸಿದ್ದರ ತಳದಲ್ಲಿ ಒಂದು ನಂಬಿಕೆಯಿತ್ತು: ರೋಗಿಗೆ ತಿಳಿವಳಿಕೆ ಸಾಲದು, ತಿಳಿಸಿದರೆ ಸರಿಹೋಗುತ್ತಾನೆ. ಆದರೆ ನಮ್ಮ ಮುಂದೆ ಬಂದು ಕೂತವರಲ್ಲಿ ಹೆಚ್ಚಿನವರಿಗೆ ಎಲ್ಲವೂ ಗೊತ್ತಿತ್ತು. ಸಿಗರೇಟು ಸೇದುವವನಿಗೆ ಶ್ವಾಸಕೋಶದ ವಿಷಯ ಗೊತ್ತು. ಕುಡಿಯುವವನಿಗೆ ಯಕೃತ್ತಿನ ವಿಷಯ ಗೊತ್ತು. ಮೂರನೆಯ ಸಲ ದಾಖಲಾದವನಿಗಂತೂ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಡಲಾಗದವನನ್ನು ಏನು ಮಾಡಬೇಕು? ಬೈಯಬೇಕೆ, ನಗಬೇಕೆ, ಕ್ಷಮಿಸಬೇಕೆ? ರಾತ್ರಿ ಪಾಳಿಯ ಚಹಾ ಕೋಣೆಯಲ್ಲಿ ಇಂಥ ರೋಗಿಗಳಿಗೆ ನಾವು ಕಿರಿಯ ವೈದ್ಯರು ಅಡ್ಡಹೆಸರಿಟ್ಟು ನಗುತ್ತಿದ್ದೆವು. ಬೆಳಗಿನ ಜಾವ ಮೂರು ಗಂಟೆಗೆ ನಮಗೆ ಆ ನಗೆ ಬೇಕೂ ಇತ್ತು. ಆದರೆ ಅದು ಯಾರ ಖರ್ಚಿನಲ್ಲಿ ಬರುತ್ತಿತ್ತು ಎಂದು ಲೆಕ್ಕ ಹಾಕಿರಲಿಲ್ಲ.

ಭಾವನವರು ಊರಿಗೆ ಮರಳಿದ ಮೇಲೆ ಈ ಪ್ರಸಂಗವನ್ನು ನೆರೆಮನೆಯ ಹಿರಿಯರೊಬ್ಬರಿಗೆ ಹೇಳಿದೆವು. ಅವರು ನಿವೃತ್ತ ಇಂಜಿನಿಯರು, ಎಂಬತ್ತು ದಾಟಿದವರು. ಕೇಳಿ ಮುಗುಳ್ನಕ್ಕು, ತಮ್ಮ ಯೌವನದ ಹಾಡೊಂದನ್ನು ಗುನುಗಿದರು. ಅದು 1961ರ "ಸೂದಾರಾ ಬುಶಿ". ಬರೆದವರು ಆವೊಶಿಮಾ ಯುಕಿಯೋ.

ನಮ್ಮ ಕಡೆ "ಪಾಪ ಪಾಂಡು", "ಸಿಲ್ಲಿ ಲಲ್ಲಿ" ನೋಡಿ ನಕ್ಕವರಿಗೆ ನಟರ ಮುಖ ನೆನಪಿರುತ್ತದೆ. (ಅದರ ಡಾಕ್ಟರ್ ವಿಠ್ಠಲರಾಯರ ಹೆಸರು ಹಿಡಿದು ನಮ್ಮನ್ನು ಕರೆಯುವ ಬಂಧುಗಳು ಇಂದಿಗೂ ಇದ್ದಾರೆ.) ಆ ಮಾತುಗಳನ್ನು ಬರೆದವರ ಹೆಸರು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ತಲೆ ಕೆರೆಯುತ್ತಾರೆ. ಹಾಸ್ಯ ಬರೆಯುವವನ ಪಾಡು ಎಲ್ಲ ಕಡೆಯೂ ಇದೇ. ಆವೊಶಿಮಾ ಮಾತ್ರ ಅದಕ್ಕೆ ಅಪವಾದ.

ಅವರು 1932ರಲ್ಲಿ ಟೋಕಿಯೋದ ನಿಹೊಂಬಾಶಿಯಲ್ಲಿ, ಊಟದ ಡಬ್ಬಿ ಮಾಡಿ ಮಾರುವ ಅಂಗಡಿಯವರ ಮನೆಯಲ್ಲಿ ಹುಟ್ಟಿದರು. ವಾಸೆದಾ ವಿಶ್ವವಿದ್ಯಾಲಯದಲ್ಲಿ ಓದಿದರು. ಕ್ಷಯ ರೋಗ ತಗುಲಿ ವಿದ್ಯಾಭ್ಯಾಸ ನಿಂತಿತು. ಹಾಸಿಗೆಯಲ್ಲಿ ಕಾಲ ಕಳೆಯುತ್ತಾ "ಮಾನ್ಜಾಯ್" ಬರೆದರು. ಇಬ್ಬರು ನಿಂತು ಒಬ್ಬರ ಮಾತನ್ನೊಬ್ಬರು ತಿರುಚುತ್ತಾ ನಗಿಸುವ ಆಟ ಅದು. ನಮ್ಮ ಯಕ್ಷಗಾನದಲ್ಲಿ ಹಾಸ್ಯಗಾರನಿಗೂ ಭಾಗವತರಿಗೂ ನಡೆಯುವ ಮಾತಿನ ಚಕಮಕಿಯನ್ನು ನೆನೆಸಿಕೊಂಡರೆ ಸಾಕು. ಅಲ್ಲಿಂದ ರೇಡಿಯೋ, ಟೆಲಿವಿಷನ್ನಿನ ದಾರಿ ತೆರೆಯಿತು. 1959ರಲ್ಲಿ ಫ್ಯೂಜಿ ಟೆಲಿವಿಷನ್ ಆರಂಭವಾದಾಗ "ಒತೊನಾ ನೊ ಮಂಗಾ" ಎಂಬ ಪುಟ್ಟ ಕಾರ್ಯಕ್ರಮ ಬರುತ್ತಿತ್ತು. ಅಂದಂದಿನ ಸುದ್ದಿಯನ್ನು ಹಿಡಿದು ನಗೆ ಪ್ರಹಸನ ಮಾಡುವುದು ಅದರ ಕ್ರಮ. ಇಂದಿನ ಸುದ್ದಿ ನಾಳೆಗೆ ಹಳಸುತ್ತದೆ, ಬರೆಯುವವನಿಗೆ ಬಿಡುವೆಂಬುದಿಲ್ಲ. 1961ರಲ್ಲಿ "ಶಾಬೊಂದಾಮಾ ಹಾಲಿಡೇ", ಅಂದರೆ ಸಾಬೂನಿನ ಗುಳ್ಳೆಯ ರಜಾದಿನ, ಶುರುವಾಗಿ 1972ರವರೆಗೆ ನಡೆಯಿತು. ಆವೊಶಿಮಾ ಅದಕ್ಕೆ ಬರೆದರು, ನಡುನಡುವೆ ತಾವೇ ಕಾಣಿಸಿಕೊಂಡು ತಮ್ಮ ಹೆಸರನ್ನು ಕೂಗಿ ನಗಿಸಿದರು. ಮುಂದೆ ಒಂದು ಧಾರಾವಾಹಿಯಲ್ಲಿ ಸೀರೆಯ ಬದಲು ಕಿಮೋನೋ ಉಟ್ಟ ತುಂಟ ಅಜ್ಜಿಯ ಪಾತ್ರವನ್ನೂ ಮಾಡಿದರು.

ಇನ್ನು ಆ ಹಾಡು. ಸಂಬಳದಾರನೊಬ್ಬ ಒಂದೇ ಲೋಟವೆಂದು ಹೋಗುತ್ತಾನೆ. ಒಂದು ಹತ್ತಾಗಿ, ಕೊನೆಗೆ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಏಳುತ್ತಾನೆ. ಇದರಿಂದ ಮೈ ಕೆಡುತ್ತದೆಂದು ಅವನಿಗೆ ಗೊತ್ತು, ಬಿಡಲಾಗುವುದಿಲ್ಲ. ಮುಂದೆ ಕುದುರೆ ಜೂಜು, ಹೆಣ್ಣಿನ ಹುಚ್ಚು. ಅಲ್ಲಿಯೂ ಅದೇ ಪಾಡು. ಇಷ್ಟೇ ಅದರ ವಿಷಯ. ಯುದ್ಧದ ಅವಶೇಷಗಳಿಂದ ಎದ್ದು, ಹಗಲಿರುಳು ದುಡಿಯುತ್ತಿದ್ದ ಒಂದು ತಲೆಮಾರು ಈ ಹಾಡನ್ನು ಎತ್ತಿಕೊಂಡಿತು.

ಇದನ್ನು ಹಾಡಬೇಕಾದವರು "ಕ್ರೇಜಿ ಕ್ಯಾಟ್ಸ್" ತಂಡದ ಉವೆಕಿ ಹಿತೋಶಿ. ಅವರು ಸ್ವಭಾವತಃ ಗಂಭೀರ ಮನುಷ್ಯ. ಮದ್ಯ ಅವರಿಗೆ ಒಗ್ಗುತ್ತಲೇ ಇರಲಿಲ್ಲ. ಇಂಥ ಹಾಡು ಹಾಡಿದರೆ ತನ್ನ ಬಾಳು ಏನಾದೀತೋ ಎಂದು ಹೆದರಿ ತಂದೆಯ ಬಳಿ ಹೋದರು. ತಂದೆ ಬೌದ್ಧ ಪುರೋಹಿತರು. ಕೀಳು ಜಾತಿಯೆಂದು ದೂರವಿಟ್ಟವರ ಹಕ್ಕಿಗಾಗಿ ಹೋರಾಡಿದವರು. ಯುದ್ಧವನ್ನು ವಿರೋಧಿಸಿ ಸೆರೆಮನೆ ಕಂಡವರು. ಬೈಗುಳ ಬೀಳುವುದು ಖಂಡಿತವೆಂದುಕೊಂಡಿದ್ದ ಮಗನಿಗೆ ಅವರು ಕೊಟ್ಟ ಉತ್ತರವನ್ನು ಉವೆಕಿ ಮುಂದೆ ಹಲವು ಬಾರಿ ನೆನೆದಿದ್ದಾರೆ. ಗೊತ್ತಿದ್ದೂ ಬಿಡಲಾಗದು ಎಂಬ ಆ ಮಾತು ನಮ್ಮ ಗುರು ಶಿನ್‌ರಾನರ ಬೋಧೆಗೆ ಹೊಂದುವ ಮಾತೇ, ಹಾಡು ಎಂದರಂತೆ. 13ನೆಯ ಶತಮಾನದ ಶಿನ್‌ರಾನ್ ಸನ್ಯಾಸದ ಕಟ್ಟಳೆ ದಾಟಿ ಸಂಸಾರ ಹೂಡಿದವರು. ತನ್ನ ಬಲದಿಂದ ಒಳ್ಳೆಯವನಾಗಬಲ್ಲೆ ಎಂಬ ಗರ್ವ ಬಿಟ್ಟವನಿಗೇ, ಕೆಟ್ಟವನೆಂದು ತನ್ನನ್ನು ತಾನರಿತವನಿಗೇ ಬುದ್ಧನ ಕರುಣೆ ಮೊದಲು ಎಂದವರು.

ಈ ಕಥೆ ಕೇಳಿ ನಮಗೆ ಮೊದಲು ನೆನಪಾದವನು ದುರ್ಯೋಧನ. ಧರ್ಮವೇನೆಂದು ಬಲ್ಲೆ, ಅದರಲ್ಲಿ ಮನಸ್ಸು ಹೋಗದು. ಅಧರ್ಮವೇನೆಂದೂ ಬಲ್ಲೆ, ಬಿಡಲಾಗದು ಎಂಬ ಅರ್ಥದ ಮಾತು ಪಾಂಡವಗೀತೆಯಲ್ಲಿ ಅವನ ಬಾಯಲ್ಲಿ ಬರುತ್ತದೆ. ನಮ್ಮ ಅಜ್ಜಂದಿರು ಅದನ್ನು ಹೇಳಿ ನಮ್ಮನ್ನು ಎಚ್ಚರಿಸುತ್ತಿದ್ದರು. ಮಾತು ಒಂದೇ. ಆದರೆ ದುರ್ಯೋಧನ ಒಳಗಿರುವ ಯಾವುದೋ ದೇವರು ಹಾಗೆ ಮಾಡಿಸುತ್ತಾನೆಂದು ಭಾರವನ್ನು ಅವನ ಮೇಲೆ ಹೊರಿಸಿ ನಿಶ್ಚಿಂತನಾಗುತ್ತಾನೆ. ಶಿನ್‌ರಾನ್ ಅದೇ ಮಾತನ್ನು ತಲೆತಗ್ಗಿಸಿ ಹೇಳುತ್ತಾರೆ. ಒಂದೇ ಅರಿವು ಒಬ್ಬನಲ್ಲಿ ಸೊಕ್ಕಾಗುತ್ತದೆ, ಇನ್ನೊಬ್ಬರಲ್ಲಿ ವಿನಯವಾಗುತ್ತದೆ. ನಮ್ಮ ದಾಸರೂ ಲೋಕದ ಡಂಭವನ್ನು ಗೇಲಿ ಮಾಡುವಾಗ ಎಷ್ಟೋ ಸಲ ದೋಷವನ್ನು ತಮ್ಮ ಮೇಲೇ ಹಾಕಿಕೊಂಡು ಹಾಡುತ್ತಾರಲ್ಲವೆ?

ಆವೊಶಿಮಾ ಬರೆದ ಹಾಡಿನಲ್ಲಿಯೂ ಹೇಳುವವನು "ನಾನು". ಬೆಂಚಿನ ಮೇಲೆ ಮಲಗಿದವನನ್ನು ತೋರಿಸಿ "ನೋಡಿರಿ ಇವನನ್ನು" ಎಂದು ಅವರು ಹೇಳಲಿಲ್ಲ. ಅಂದು ಬೆಟ್ಟದ ಮೇಲೆ ನಾವು ಹೇಳಿದ ತಮಾಷೆಗೂ ಈ ಹಾಡಿಗೂ ಇರುವ ವ್ಯತ್ಯಾಸ ಅಲ್ಲಿದೆ. ನಾವು ಭಾವನವರನ್ನು ಕನ್ನಡಿ ಪೆಟ್ಟಿಗೆಯಲ್ಲಿ ಕೂರಿಸಿ, ಹೊರಗೆ ನಿಂತು ನಕ್ಕೆವು.

ಆದರೆ ವೈದ್ಯನಾದವನು ಇಷ್ಟಕ್ಕೆ ಒಪ್ಪಿಬಿಡಲಾಗದು. ಇಂಥ ಹಾಡು ಕುಡುಕನ ಬೆನ್ನು ತಟ್ಟಿದಂತಾಗಲಿಲ್ಲವೆ? ಗೊತ್ತಿದ್ದೂ ಬಿಡಲಾಗದೆಂದು ಎಲ್ಲರೂ ಒಟ್ಟಿಗೆ ಹಾಡಿಕೊಂಡರೆ, ಬಿಡಬೇಕೆಂಬ ಪ್ರಯತ್ನವೂ ನಿಂತುಹೋಗದೆ? ಈ ಪ್ರಶ್ನೆಯನ್ನು ನೆರೆಮನೆಯ ಹಿರಿಯರಿಗೆ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಮ್ಮ ಜೊತೆ ಕೆಲಸಕ್ಕೆ ಸೇರಿದವರಲ್ಲಿ ಇಬ್ಬರು ಕುಡಿತದಿಂದಲೇ ಐವತ್ತು ದಾಟುವ ಮೊದಲು ಹೋದರೆಂದು ಹೇಳಿದರು. "ಆ ಹಾಡು ನಮ್ಮನ್ನು ಕುಡಿಸಲೂ ಇಲ್ಲ, ಬಿಡಿಸಲೂ ಇಲ್ಲ. ನಾನೊಬ್ಬನೇ ಹೀಗಲ್ಲ ಅನ್ನಿಸಿತು, ಅಷ್ಟೆ" ಎಂದರು. ಅಷ್ಟು ಸಾಕೇ, ಸಾಲದೇ ಎಂಬುದನ್ನು ಅವರು ಹೇಳಲಿಲ್ಲ.

ಸಾಲದು ಎಂದು ಆವೊಶಿಮಾ ಅವರಿಗೇ ಅನ್ನಿಸಿತೋ ಏನೋ, ಅವರು ರಾಜಕೀಯಕ್ಕೆ ಬಂದರು. 1968ರಲ್ಲಿ ಸಂಸತ್ತಿನ ಮೇಲ್ಮನೆಗೆ ದೇಶವ್ಯಾಪಿ ಕ್ಷೇತ್ರದಿಂದ ಗೆದ್ದರು. ಆ ಚುನಾವಣೆಯಲ್ಲಿ ಅತಿ ಹೆಚ್ಚು ಮತ ಪಡೆದವರು ಕಾದಂಬರಿಕಾರ ಇಶಿಹಾರಾ ಶಿಂತಾರೋ, ಎರಡನೆಯವರು ಆವೊಶಿಮಾ. ರಾಜಕೀಯದ ನಡುವೆಯೂ ಬರೆದರು. ತಾಯಿಯ ಬದುಕನ್ನು ಆಧರಿಸಿದ ಕಾದಂಬರಿಗೆ 1981ರಲ್ಲಿ ನಾವೊಕಿ ಪ್ರಶಸ್ತಿ ಬಂತು. 1995ರ ಏಪ್ರಿಲ್‌ನಲ್ಲಿ ಟೋಕಿಯೋ ಗವರ್ನರ್ ಹುದ್ದೆಗೆ ನಿಂತರು. ಬೀದಿ ಭಾಷಣವಿಲ್ಲ, ಮೆರವಣಿಗೆಯಿಲ್ಲ. ದೊಡ್ಡ ಪಕ್ಷಗಳ ಬೆಂಬಲವಿದ್ದ ಅನುಭವಿ ಅಧಿಕಾರಿಯನ್ನು ಸೋಲಿಸಿ ಸುಮಾರು 17 ಲಕ್ಷ ಮತಗಳಿಂದ ಆರಿಸಿಬಂದರು.

ಅವರ ಮುಖ್ಯ ಭರವಸೆ ಒಂದೇ: 1996ರಲ್ಲಿ ಟೋಕಿಯೋ ಕೊಲ್ಲಿಯ ದಂಡೆಯಲ್ಲಿ ನಡೆಯಬೇಕಿದ್ದ ವಿಶ್ವ ನಗರ ಮೇಳವನ್ನು ರದ್ದು ಮಾಡುವುದು. ನಮ್ಮ ತ್ಸುಕುಬಾದವರಿಗೆ ಇದರ ತೂಕ ತಿಳಿಯುತ್ತದೆ. 1985ರ ವಿಜ್ಞಾನ ಮೇಳಕ್ಕೆ ಎರಡು ಕೋಟಿ ಜನ ಬಂದು ಹೋದ ಊರು ಇದು. ಮೇಳವೆಂದರೆ ರಸ್ತೆ, ಕೆಲಸ, ಹೆಸರು. ಟೋಕಿಯೋದಲ್ಲಿ ಸಿದ್ಧತೆ ಬಹುದೂರ ಸಾಗಿತ್ತು. ಹಣ ಹೂಡಿದವರಿದ್ದರು. ನಗರದ ಶಾಸನಸಭೆಯೂ ಮೇಳ ನಡೆಯಲಿ ಎಂದಿತು. ಅದೇ ಮೇ ತಿಂಗಳ 16ರಂದು, ಓಮ್ ಶಿನ್ರಿಕ್ಯೋ ಪಂಥದವರು ಗವರ್ನರ್ ಹೆಸರಿಗೆ ಕಳಿಸಿದ ಬಾಂಬನ್ನು ಬಿಚ್ಚಿದ ಕಚೇರಿಯ ನೌಕರರೊಬ್ಬರು ಕೈಬೆರಳುಗಳನ್ನು ಕಳೆದುಕೊಂಡರು. ತಿಂಗಳ ಕೊನೆಗೆ ಆವೊಶಿಮಾ ಮೇಳವನ್ನು ರದ್ದು ಮಾಡಿಯೇಬಿಟ್ಟರು. ಕೊಟ್ಟ ಮಾತು ಉಳಿಯಿತು.

ಆಮೇಲಿನ ವರ್ಷಗಳ ಬಗ್ಗೆ ಹೊಗಳಿಕೆ ಕಡಿಮೆ. ಅಧಿಕಾರಿಗಳು ಹೇಳಿದ ಹಾಗೆ ನಡೆದರು, ಒಂದು ರದ್ದತಿಯ ಹೊರತು ಇನ್ನೇನು ಮಾಡಿದರು ಎಂಬ ಟೀಕೆ ಬಂತು. 1999ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ. ಆ ಕುರ್ಚಿಗೆ ಬಂದವರು ಅದೇ ಇಶಿಹಾರಾ. ಮುಂದೆ ಮೇಲ್ಮನೆಗೆ ಮರಳಲು ಮಾಡಿದ ಪ್ರಯತ್ನಗಳೂ ಫಲಿಸಲಿಲ್ಲ. 2006ರ ಡಿಸೆಂಬರ್ 20ರಂದು, 74ನೆಯ ವಯಸ್ಸಿನಲ್ಲಿ, ಮೂಳೆಮಜ್ಜೆಯ ಕಾಯಿಲೆಯಿಂದ ತೀರಿಕೊಂಡರು. ಹಾಡು ಹಾಡಿದ ಉವೆಕಿ ಮೂರೇ ತಿಂಗಳಲ್ಲಿ, 2007ರ ಮಾರ್ಚ್‌ನಲ್ಲಿ ಹೋದರು.

ಅಧಿಕಾರದ ಕಾಲವನ್ನು ನೋಡಿ ಹಾಸ್ಯಗಾರ ಸೋತನೆಂದು ಹೇಳುವುದು ಸುಲಭ. ನಮಗೆ ಹಾಗೆ ಹೇಳಲು ಮನಸ್ಸಿಲ್ಲ. ಹಾಸ್ಯ ಬರೆಯುವವನಿಗೆ ಒಂದು ಸವಲತ್ತಿದೆ: ಗಂಟು ಎಲ್ಲಿದೆಯೆಂದು ತೋರಿಸಿದರೆ ಸಾಕು, ಅವನೇ ಬಿಚ್ಚಬೇಕಿಲ್ಲ. ಕುರ್ಚಿಯಲ್ಲಿ ಕೂತವನಿಗೆ ಆ ಸವಲತ್ತಿಲ್ಲ. ಆವೊಶಿಮಾ ಮೊದಲಿನ ಕಡೆಯಿಂದ ಎರಡನೆಯ ಕಡೆಗೆ ದಾಟಿದರು. ಒಂದು ಗಂಟನ್ನು ಬಿಚ್ಚಿದರು, ಉಳಿದವು ಕೈಗೆ ಬರಲಿಲ್ಲ. ಗೊತ್ತಿದ್ದೂ ಆಗದಿರುವುದು ಏನೆಂದು ಅವರಿಗೆ ನಾಲ್ಕು ವರ್ಷ ಚೆನ್ನಾಗಿ ತಿಳಿದಿರಬೇಕು.

ವೈದ್ಯನೂ ಕುರ್ಚಿಯಲ್ಲಿ ಕೂತವನೇ. ರೋಗಿಯೊಂದಿಗೆ ಸೇರಿ ನಕ್ಕು ಕಳಿಸಿದರೆ ಅವನ ಕೆಲಸ ಮುಗಿಯುವುದಿಲ್ಲ. ಹಾಗೆಂದು ನಗದೇ ಇದ್ದರೆ ಕೆಲಸ ಶುರುವೇ ಆಗದಿರಬಹುದು. ನಮ್ಮ ಕನ್ನಡದಲ್ಲಿ ಇದನ್ನು ಅರಿತ ವೈದ್ಯರೊಬ್ಬರಿದ್ದರು. "ರಾಶಿ" ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ "ಕೊರವಂಜಿ" ಎಂಬ ನಗೆ ಮಾಸಪತ್ರಿಕೆ ಆರಂಭಿಸಿ 25 ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದ ಪತ್ರಿಕೆ ಅದು. ಅದೇ ರಾಶಿಯವರು ಮನುಷ್ಯನ ಮನಸ್ಸಿನ ಬಗ್ಗೆ "ಮನಮಂಥನ" ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಒಂದು ಕೈಯಲ್ಲಿ ಸ್ಟೆತಾಸ್ಕೋಪು, ಇನ್ನೊಂದರಲ್ಲಿ ನಗೆ. ಮನಸ್ಸಿನ ಗಂಟು ಬಲ್ಲವರು ನಗೆಯನ್ನು ಹಗುರವಾದ ಕಸುಬೆಂದು ಭಾವಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಭಾವನವರ ಕಥೆ ಮುಗಿಸುತ್ತೇವೆ. ಹೊಸ ವರ್ಷಕ್ಕೆ ಫೋನ್ ಮಾಡಿದಾಗ ನಾವು ನಮ್ಮ ಗುಟ್ಟೊಂದನ್ನು ಅವರಿಗೆ ಹೇಳಿದೆವು. ಎಂಟು ವರ್ಷಗಳಿಂದ ನಮಗೆ ರಕ್ತದೊತ್ತಡವಿದೆ. ಉಪ್ಪು ಕಡಿಮೆ ಮಾಡಿ ಎಂದು ದಿನವೂ ಹತ್ತು ಜನಕ್ಕೆ ಹೇಳುವ ನಾವು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಸರನ್ನಕ್ಕೆ ಮಿಡಿ ಉಪ್ಪಿನಕಾಯಿ ಹಾಕಿಕೊಂಡು ತಿನ್ನುತ್ತೇವೆ. ಅಕ್ಕ ತಂದುಕೊಟ್ಟ ಭರಣಿಯದೇ. ಮನೆಯವರಿಗೆ ಗೊತ್ತಿಲ್ಲ, ಈ ಸಂಚಿಕೆ ಮನೆಗೆ ಬಂದ ದಿನ ಗೊತ್ತಾಗುತ್ತದೆ.

ಭಾವನವರು ಜೋರಾಗಿ ನಕ್ಕರು. "ಅಂದ್ರೆ ನೀನೂ ಪೆಟ್ಟಿಗೆಯೊಳಗೇ ಇದ್ದೀಯಾ ಅನ್ನು" ಎಂದರು. ಆಮೇಲೆ ಸ್ವಲ್ಪ ತಡೆದು, ಸ್ವರ ತಗ್ಗಿಸಿ ಹೇಳಿದರು: "ಒಂದು ವಿಷಯ. ಬಲಗಾಲಿನ ಹೆಬ್ಬೆರಳ ಹತ್ತಿರ ಒಂದು ಗಾಯ ಇದೆ. ನೋವೇನಿಲ್ಲ. ಅಲ್ಲಿಗೆ ಬಂದಾಗಲೇ ಇತ್ತು."

ಓದುಗರಲ್ಲಿ ಸಕ್ಕರೆ ಕಾಯಿಲೆಯವರು ಈ ಮಾತನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ. ನೋವಿಲ್ಲದ ಗಾಯವೇ ಅಪಾಯದ ಗಾಯ. ನರಗಳು ಮರಗಟ್ಟಿದಾಗ ಗಾಯ ಬೆಳೆಯುವುದು ತಿಳಿಯುವುದಿಲ್ಲ. ಬೆರಳು, ಪಾದ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಭಾವನವರು ನಮ್ಮ ಮನೆಯಲ್ಲಿ ಮೂರು ವಾರ ಇದ್ದರು. ಡಾಕ್ಟರ ಮನೆ. ಒಂದು ಸಲ ಕಾಲುಚೀಲ ಬಿಚ್ಚಿ ತೋರಿಸಿದ್ದರೆ ಸಾಕಿತ್ತು. "ಯಾಕೆ ಹೇಳಲಿಲ್ಲ?" ಎಂದು ಕೇಳಿದೆವು. "ಮತ್ತೆ ಎಲ್ಲರ ಮುಂದೆ ಏನಾದರೂ ಅಂತೀಯಾ ಅಂತ" ಎಂದರು.

ಅಂದು ಬೆಟ್ಟದ ಮೇಲೆ ನಮ್ಮ ತಮಾಷೆಗೆ ತೆರಬೇಕಿದ್ದ ಬೆಲೆ ಏನೆಂದು ಆಗ ತಿಳಿಯಿತು.

ಮರುದಿನವೇ ಅಕ್ಕ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಗಾಯ ಶುಚಿಮಾಡಿ, ಔಷಧ ಕೊಟ್ಟು, ಒತ್ತಡ ಬೀಳದ ಪಾದರಕ್ಷೆ ಮಾಡಿಸಿಕೊಟ್ಟರು. ಈಗ ಮಾಯುತ್ತಿದೆ, ಬೆರಳು ಉಳಿದಿದೆ. ಭಾವನವರು ಸಿಹಿ ಬಿಟ್ಟರೇ ಎಂದು ಕೇಳಬೇಡಿ. ನಾವು ಉಪ್ಪಿನಕಾಯಿ ಬಿಟ್ಟೆವೇ ಎಂದೂ ಕೇಳಬೇಡಿ. ಈಗ ಪ್ರತಿ ಭಾನುವಾರ ಫೋನಿನಲ್ಲಿ ಅವರು ತಮ್ಮ ಸಕ್ಕರೆಯ ಲೆಕ್ಕ ಹೇಳುತ್ತಾರೆ, ನಾವು ನಮ್ಮ ರಕ್ತದೊತ್ತಡದ ಲೆಕ್ಕ ಹೇಳುತ್ತೇವೆ. ಎರಡೂ ಸ್ವಲ್ಪ ಇಳಿದಿವೆ. ಲೆಕ್ಕ ತಪ್ಪಿದ ವಾರ ಇಬ್ಬರೂ ನಗುತ್ತೇವೆ. ಆಮೇಲೆ ಅವರು ಪಾದವನ್ನು ಕ್ಯಾಮೆರಾದ ಮುಂದೆ ಹಿಡಿಯುತ್ತಾರೆ, ನಾವು ನೋಡುತ್ತೇವೆ.

ಸಂಘದ ಬಂಧುಗಳಲ್ಲಿ ಒಂದು ಕೋರಿಕೆ. ಮುಂದಿನ ಹಬ್ಬದೂಟದಲ್ಲಿ ಯಾರ ಎಲೆಯ ಮೇಲಾದರೂ ಎರಡನೆಯ ಹೋಳಿಗೆ ಬಿದ್ದಾಗ, ಪಕ್ಕದಲ್ಲಿ ಕೂತ ನಾವು ಏನಾದರೂ ಹೇಳಲು ಬಾಯಿ ತೆರೆದರೆ, ದಯವಿಟ್ಟು ನಮ್ಮ ಎಲೆಯ ಮೂಲೆಯಲ್ಲಿರುವ ಉಪ್ಪಿನಕಾಯಿಯನ್ನು ತೋರಿಸಿ.